ಕಂಬಳಿಯ ಆರ್ಡರ್ ನಮಗೇ ಬಂತು

ಮೈಸೂರು, ಗುರುವಾರ

ಅತ್ತೆಮ್ಮನವರ ಪಾದಕ್ಕೆ ತಿಪ್ಪಕ್ಕನ ಶರಣು. ಗೆದ್ದೆ! ಹೋಟೆಲಿನವರ ದೊಡ್ಡ ಕಂಬಳಿ ಆರ್ಡರ್ ಚಳ್ಳಕೆರೆಯ ನಮ್ಮ ಸಂಘಕ್ಕೇ ಸಿಕ್ಕಿತು.

ಇಲ್ಲಿನ ಕಂಪ್ಯೂಟರ್ ತರಬೇತಿಯಲ್ಲಿ ಕಲಿಸುವ ಸಾಫ್ಟ್‌ವೇರಿನಲ್ಲಿ ಒಂದೊಂದು ಕೆಲಸವೂ ಪರದೆಯ ಮೇಲೆ ಒಂದೊಂದು ಬಣ್ಣದ ಪಟ್ಟಿ. ಉಣ್ಣೆ ತೊಳೆಯುವುದರಿಂದ ಹಿಡಿದು ಹುಣಸೆಬೀಜದ ಗಂಜಿ ಹಾಕುವವರೆಗೆ ಎಲ್ಲವನ್ನೂ ನಾನೇ ಕೂರಿಸಿದೆ. ಮೊದಲ ವಾರ ಮೌಸ್ ಹಿಡಿದರೆ ಅಳು ಬರುತ್ತಿತ್ತು. ಇವತ್ತು ನಮ್ಮ ತರಗತಿಗೆ ಬಂದ ಹೋಟೆಲಿನ ಮೇಡಂ ಎಲ್ಲರೆದುರು ಕೇಳಿದರು, "ಮಳೆ ಹಿಡಿದು ಉಣ್ಣೆ ಒಣಗದಿದ್ದರೆ ಏನ್ ಮಾಡ್ತೀರಿ?"

ತೊಳೆಯುವ ಪಟ್ಟಿಯನ್ನು ಒಂದು ವಾರ ಮುಂದಕ್ಕೆ ಎಳೆದೆ. ನೂಲುವುದು, ನೇಯುವುದು ಎಲ್ಲ ಅದರ ಬೆನ್ನಿಗೇ ತಾವಾಗಿ ಸರಿದವು. ಕೊನೆಯದು ಕಂಬಳಿ ಕೊಡಬೇಕಾದ ದಿನ ದಾಟಿ ಕೆಂಪಾಯಿತು. ಆಗ ನೂಲುವ ಕೆಲಸಕ್ಕೆ ದೇವಸಮುದ್ರದ ಹೆಂಗಸರನ್ನೂ ಸೇರಿಸಿದೆ. ಪಟ್ಟಿ ಗಿಡ್ಡವಾಯಿತು, ಕೆಂಪು ಹೋಯಿತು.

"ಅಷ್ಟು ಜನ ಬರ್ತಾರಾ?" ಎಂದರು.

"ನಮ್ಮತ್ತೆ ಒಂದು ಮಾತು ಹೇಳಿದ್ರೆ ಸಾಕ್ರೀ, ಊರಿಗೆ ಊರೇ ನೂಲಾಕೆ ಕೂರ್ತೈತೆ" ಎಂದೆ. ಮೇಡಂ ನಕ್ಕು ಅಲ್ಲೇ ಸಹಿ ಹಾಕಿದರು.

ಈ ಕಾರ್ಡು ಸಿಕ್ಕ ದಿನವೇ ದೇವಸಮುದ್ರದ ಬಸ್ಸು ಹತ್ತಿ, ನಿಮ್ಮ ತಂಗಿ ಚಿನ್ನಕ್ಕನ ಮನೆಯಲ್ಲಿ ಎಲ್ಲರನ್ನೂ ಸೇರಿಸಿ ಹೇಳಿ. ಮಂಡಿಗೆ ಎಣ್ಣೆ ಹಚ್ಚಿಕೊಂಡು ಹೋಗಿ. ನನ್ನ ಕೆಮ್ಮು ವಾಸಿಯಾಗಿದೆ. ಮುಂದಿನ ಭಾನುವಾರ ಊರಲ್ಲಿರುತ್ತೇನೆ. ನಿಮ್ಮ ಮಗನಿಗೆ ತಿಳಿಸಿ, ಬಸ್ ಸ್ಟ್ಯಾಂಡಿಗೆ ಹಾರ ತರುವುದು ಬೇಡ, ಬಿಸಿ ಮುದ್ದೆ ಮಾಡಿಟ್ಟಿರಲಿ.

ನಿಮ್ಮ ಸೊಸೆ,
ತಿಪ್ಪಕ್ಕ