ಎರಡನೆಯ ಕಮಾನು

ಪುಣೆ,
೧೨ ಜೂನ್ ೨೦೦೪

ನಿಂಬಕ್ಕನವರಿಗೆ ಸುಗಲಾಬಾಯಿಯ ನಮಸ್ಕಾರ.

ನಲ್ಲಿಯೇ ಇಲ್ಲದ ನಮ್ಮ ಗಲ್ಲಿಗೆ ಎರಡನೆಯ ಸ್ವಾಗತ ಕಮಾನು ಬೇಡವೆಂದು ನಿಮ್ಮ ತಮ್ಮ, ನಮ್ಮ ಯಜಮಾನರು, ತೀರಿಕೊಳ್ಳುವವರೆಗೂ ಅರ್ಜಿ ಬರೆದರು. ನಿನ್ನೆಯ ವಾರ್ಡ್ ಸಭೆಗೆ ಆ ಅರ್ಜಿ ಹಿಡಿದು ನಾನು ಹೋದೆ. ಓದಲಿಲ್ಲ. ಕಾಗದ ಮಡಚಿ, ನನ್ನ ಹರಕು ಮರಾಠಿಯಲ್ಲೇ ನಗರಸೇವಕರನ್ನು, ಅದೇ ನಮ್ಮ ವಾರ್ಡಿನ ಕಾರ್ಪೊರೇಟರನ್ನು, ಕೇಳಿಬಿಟ್ಟೆ: "ಮನಿಗೆ ಬಂದವರಿಗೆ ಎರಡು ಸಲ ಬರ್ರಿ ಅಂದು, ಒಂದು ಗುಟುಕು ನೀರೂ ಕೊಡಲಿಲ್ಲಂದ್ರ ಹೆಂಗ್ರಿ ಸಾಹೇಬ್ರ?"

ಸಭೆಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. "ಕೂಡ್ರಿ ಬಾಯಿ, ಮೊದಲ ನೀರೇ ಕೊಡೂಣು" ಎಂದು ಅವರೂ ನಕ್ಕರು. ಕಮಾನು ರದ್ದಾಯಿತು. ಶ್ರಾವಣದೊಳಗೆ ನಲ್ಲಿ ಬರುತ್ತದೆ. ಅವರು ತೀರಿಕೊಂಡ ಮೂರು ತಿಂಗಳ ಮೇಲೆ ನಾನೂ ನಕ್ಕೆ, ಅಕ್ಕಾ.

ಮೊದಲ ಕೊಡ ನಾನೇ ತುಂಬಬೇಕೆಂದು ಗಲ್ಲಿಯ ಹೆಂಗಸರು ಹಟ ಹಿಡಿದಿದ್ದಾರೆ. ಅವರು ಹೋದ ಹನ್ನೊಂದನೆಯ ದಿನ, ಇವಳಿಗೆ ಇನ್ನು ಬೇಡವೆಂದು ನೀವು ಒಯ್ದ ನನ್ನ ಹಸಿರು ಇಳಕಲ್ ಸೀರೆ ಕಳಿಸಿಕೊಡಿ. ಕೊಡ ತುಂಬುವ ದಿನ ಅದನ್ನೇ ಉಡುತ್ತೇನೆ.

ನಿಮ್ಮ
ಸುಗಲಾ