ಮೊಣಕೈ ಮೇಲಿನ ನೀಲಿ ರಫೂ

ಮಗಳ ಮನೆ, ಅಂಗಡಿಯ ಮೇಲಿನ ಮಹಡಿ
ಮಾರ್ಚ್ ೧೧, ಮಂಗಳವಾರ, ಮಧ್ಯಾಹ್ನ

ನನ್ನ ತಂಗೀ,

ಅಕ್ಕನ ಪ್ರೀತಿ, ಅಕ್ಕನ ಆಶೀರ್ವಾದ, ಜೊತೆಗೆ ಒಂದಿಷ್ಟು ಸಿಟ್ಟು. ಮೂರನ್ನೂ ತೆಗೆದುಕೋ. ಹೇಗಿದ್ದೀಯ? ಹೊಸದಾಗಿ ಕಟ್ಟಿಸಿದ ಹಲ್ಲಿನ ಸೆಟ್ಟು ಒಸಡಿಗೆ ಹೊಂದಿಕೊಂಡಿತೇ, ಇಲ್ಲ ಇನ್ನೂ ಲೋಟದ ನೀರಿನಲ್ಲೇ ನಗುತ್ತಾ ಕೂತಿದೆಯೇ? ಬಿ.ಪಿ. ಮಾತ್ರೆ ತಪ್ಪಿಸಬೇಡ. ನಿನ್ನ ಭಾವನಿಗೆ ಎರಡು ಹೊತ್ತು ಊಟ ಹಾಕುತ್ತಿದ್ದೀಯಲ್ಲ, ಆ ಉಪಕಾರ ಮರೆಯುವವಳಲ್ಲ ನಾನು. ಆದರೂ ಅವರು ಫೋನು ಮಾಡಿದಾಗಲೆಲ್ಲ "ಊಟ ಬಹಳ ಚೆನ್ನಾಗಿತ್ತು ಕಣೇ" ಎಂದು ಮೂರು ಮೂರು ಸಲ ಹೇಳುವ ಅಗತ್ಯವೇನಿದೆ? ನಲವತ್ತು ವರ್ಷ ನನ್ನ ಕೈಯಡುಗೆ ಉಂಡು, ಚೆನ್ನಾಗಿದೆ ಚೆನ್ನಾಗಿಲ್ಲ ಎಂದು ಒಂದಕ್ಷರ ಆಡದೆ ಕೈ ತೊಳೆಯಲು ಎದ್ದು ಹೋದ ಮನುಷ್ಯ ಅದು.

ಫೋನಿದ್ದೂ ಕಾಗದ ಯಾಕೆ ಎನ್ನುತ್ತೀಯ. ಈ ಮನೆಯ ಗೋಡೆಗಳು ರಟ್ಟಿನಂಥವು, ನಾನು ಪಿಸುಗುಟ್ಟಿದರೂ ಅಡುಗೆಮನೆಯಲ್ಲಿರುವ ಪುಟ್ಟಿಗೆ ಕೇಳುತ್ತದೆ. ಅದೂ ಅಲ್ಲದೆ ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ, ಕಾಗದದಲ್ಲಿ ಹಾಕಲಾರೆ. ಅಳಿಯಂದಿರ ಜೊತೆ ಕೆಲಸ ಮಾಡುವವರೊಬ್ಬರು ಇವತ್ತು ಸಂಜೆ ನಮ್ಮ ಕಡೆಗೆ ಹೊರಟಿದ್ದಾರೆ. ಹೋಗುವ ದಾರಿಯಲ್ಲಿ ಇಲ್ಲಿಗೆ ಬಂದು ಕಾಗದ ತೆಗೆದುಕೊಳ್ಳುತ್ತಾರಂತೆ.

ಪುಟ್ಟಿ ಚೆನ್ನಾಗಿದ್ದಾಳೆ. ಬಸುರಿಗೆ ಆರು ತಿಂಗಳು ತುಂಬಿತು. ಸಂಜೆ ಹೊತ್ತಿಗೆ ಪಾದ ಸ್ವಲ್ಪ ಊದಿಕೊಳ್ಳುತ್ತದೆ, ನಾನು ಒತ್ತುತ್ತೇನೆ. ವೀಸಾದಲ್ಲಿ ನನಗೆ ಇಲ್ಲಿರಲು ಕೊಟ್ಟ ಅವಧಿ ಏಪ್ರಿಲ್ ಕೊನೆಗೆ ಮುಗಿಯುತ್ತದೆ. ಒಂದೋ ಅದನ್ನು ಮುಂದುವರಿಸಲು ಅರ್ಜಿ ಹಾಕಬೇಕು, ಇಲ್ಲವೇ ನಾನು ಹೊರಟು ನೀನು ಬರಬೇಕು. ಇಬ್ಬರೂ ಇರೋಣವೆಂದರೆ ಮನೆ ಬೆಂಕಿಪೊಟ್ಟಣದಷ್ಟಿದೆ, ಬಂದವರಿಗೆ ಇರುವುದು ಒಂದೇ ಮಂಚ. ಹೆರಿಗೆಯ ಹೊತ್ತಿಗೆ ಆ ಮಂಚದ ಮೇಲೆ ಯಾರಿರಬೇಕು ಎನ್ನುವುದೇ ಈ ನಾಲ್ಕು ತಿಂಗಳು ನನ್ನ ತಲೆ ತಿಂದ ವಿಷಯ. ಹೆತ್ತ ತಾಯಿ ಇರಬೇಕಾದ್ದು ನ್ಯಾಯ. ಬಾಯಿಬಿಟ್ಟು ಕೇಳಬೇಕಾದ ಮಾತೇ ಅಲ್ಲ ಎಂದು ನಾನು ಅವಳನ್ನು ಕೇಳಲು ಹೋಗಲಿಲ್ಲ.

ಬಂದ ದಿನವೇ ನನಗೆ ಗೊತ್ತಾಗಿತ್ತು, ನಾನು ಮಗಳ ಮನೆಗೆ ಬಂದಿಲ್ಲ, ನಿನ್ನ ಮನೆಗೆ ಬಂದಿದ್ದೇನೆ ಎಂದು. ಕಳೆದ ವರ್ಷ ನನ್ನ ಕಣ್ಣಿನ ಪೊರೆಯ ಆಪರೇಷನ್ ಆಯಿತೆಂದು, ಅವಳು ಈ ಹೊಲಿಗೆ ಅಂಗಡಿ ತೆರೆಯುವಾಗ ನನ್ನ ಬದಲು ನಿನ್ನನ್ನು ಕಳಿಸಿದೆನಲ್ಲ, ಆ ಆರು ತಿಂಗಳಲ್ಲಿ ನೀನು ಒಂದು ಮೂಲೆಯನ್ನೂ ನನಗೆಂದು ಉಳಿಸಿಲ್ಲ. ಅಡುಗೆಮನೆಯ ಡಬ್ಬಿಗಳೆಲ್ಲ ನಿನ್ನ ಎಡಗೈಗೆ ಸಿಗುವ ಹಾಗೆ ಕೂತಿವೆ. ನಾನು ಬಲಗೈಯವಳು ಉಪ್ಪಿಗೆ ಕೈ ಚಾಚಿದರೆ ಸಕ್ಕರೆ ಸಿಗುತ್ತದೆ. ಒಂದು ದಿನ ಬದಲಾಯಿಸಿದೆ. "ಅಮ್ಮಾ, ಚಿಕ್ಕಮ್ಮ ಇಟ್ಟಿದ್ದು ನಂಗೆ ಅಭ್ಯಾಸ ಆಗ್ಬಿಟ್ಟಿದೆ" ಎಂದು ಪುಟ್ಟಿ ಮತ್ತೆ ಹಾಗೇ ಜೋಡಿಸಿದಳು. ಬೀದಿಗಿಳಿದರೂ ನೀನೇ. ಬಸ್ಸಿನ ಡ್ರೈವರು, ಅವನೇ, ಬೋಳುತಲೆಯ ದಪ್ಪ ಮನುಷ್ಯ, ನಿಲ್ದಾಣದಲ್ಲಿ ಬಸ್ಸು ನಿಲ್ಲಿಸಿ ದೂರದಿಂದ ನನ್ನನ್ನು ಕಂಡವನೇ ಎರಡೂ ಕೈ ಮೇಲೆತ್ತಿದ. ನಾವಿಬ್ಬರೂ ದೂರಕ್ಕೆ ಒಂದೇ ತರಹ ಕಾಣುತ್ತೇವಲ್ಲ. ಹತ್ತಿರ ಹೋದ ಮೇಲೆ ಮುಖ ನೋಡಿ, ಮೊದಲು ಒಂದು ಕೈ, ಆಮೇಲೆ ಇನ್ನೊಂದು ಕೈ ಇಳಿಸಿದ. ಆ ಕೈ ಇಳಿಸಿದ್ದನ್ನು ನಾನು ಸಾಯುವತನಕ ಮರೆಯುವುದಿಲ್ಲ. ಭಾಷೆ ಬಾರದ ಊರಿನಲ್ಲಿ ಇಷ್ಟು ಜನಕ್ಕೆ ಅದೇನು ಮೋಡಿ ಹಾಕಿ ಹೋದೆಯೇ ನೀನು?

ಅಂಗಡಿಯಲ್ಲೂ ಅದೇ ಕಥೆ. ಪುಟ್ಟಿ ಕರೆಯುವುದನ್ನು ಕೇಳಿ ಕೇಳಿ ಗಿರಾಕಿಗಳೆಲ್ಲ "ಚಿಕ್ಕಮ್ಮ" ಎನ್ನುವುದು ನಿನ್ನ ಹೆಸರೆಂದು ತಿಳಿದಿದ್ದಾರೆ. ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಬಂದವನೂ, ಅಂಗಿಯ ಸೊಂಟ ಬಿಡಿಸಲು ಬಂದವಳೂ ಒಳಗೆ ಇಣುಕಿ "ಚಿಕ್ಕಮ್ಮ?" ಎಂದು ಕೇಳುತ್ತಾರೆ. ಪುಟ್ಟಿ ನನ್ನನ್ನು ತೋರಿಸಿ ಏನೋ ಹೇಳುತ್ತಾಳೆ. ಅವರು ಮರ್ಯಾದೆಗೆ ನಗುತ್ತಾರೆ. ಪುಟ್ಟಿಗೆ ಹೊಟ್ಟೆ ಮೇಜಿಗೆ ತಗಲುವುದರಿಂದ ಈಗ ಕುರ್ಚಿ ಹಿಂದೆ ಎಳೆದುಕೊಂಡು, ಕೈ ಚಾಚಿ ಹೊಲಿಯುತ್ತಾಳೆ. ಅದನ್ನು ನೋಡಲಾರದೆ ಕೈಹೊಲಿಗೆಯ ಕೆಲಸವೆಲ್ಲ ನಾನೇ ತೆಗೆದುಕೊಂಡಿದ್ದೇನೆ. ನಿನಗೆ ಗೊತ್ತಲ್ಲ, ನನಗೆ ಯಾರೂ ಕಲಿಸಿದವರಿಲ್ಲ. ಹರಿದ ಸೀರೆಗಳ ಮೇಲೆ ಕೈ ತಿದ್ದಿಕೊಂಡು ಮೂವತ್ತೆಂಟು ವರ್ಷ ರಫೂ ಮಾಡಿದವಳು ನಾನು. ರಫೂ ಎಂದರೆ ಬಟ್ಟೆ ಹರಿದಿತ್ತು ಎನ್ನುವುದೇ ಸುಳ್ಳು ಅನ್ನಿಸಬೇಕು. ಹೊಲಿದ ಕೈ ಕಂಡಿತೋ, ಅದು ರಫೂ ಅಲ್ಲ, ತೇಪೆ.

ಎದುರು ಸಾಲಿನಲ್ಲಿ ಗಡಿಯಾರ ರಿಪೇರಿ ಮಾಡುವ ಮುದುಕರಿದ್ದಾರಲ್ಲ, ಅವರು ಕಳೆದ ವಾರ ತಮ್ಮ ಕಂದು ಕೋಟು ತಂದುಕೊಟ್ಟರು. ಒಳಗಿನ ಲೈನಿಂಗ್ ಹರಿದಿದೆ, ಅದನ್ನು ಬದಲಾಯಿಸಬೇಕಂತೆ. ಮೇಜಿನ ಮೇಲೆ ಹರಡಿದರೆ ಎಡ ಮೊಣಕೈ ಮೇಲೆ ನಿನ್ನ ರಫೂ! ಯಾರೂ ಹೇಳಬೇಕಾಗಿರಲಿಲ್ಲ, ಎಳೆಯೆಲ್ಲ ಎಡಗೈಯವರ ಹಾಗೆ ವಾಲಿತ್ತು. ಕಂದು ಉಣ್ಣೆಯ ಮೇಲೆ ನೀಲಿ ದಾರ. ಅದೂ ಒಂದೆಳೆಯಲ್ಲ, ನಾಲ್ಕೆಳೆ. ಗಾಯ ಕೀವು ತುಂಬಿ ಊದಿಕೊಂಡ ಹಾಗೆ ಎದ್ದು ನಿಂತಿತ್ತು. ಕಸುಬಿನವಳ ಕಣ್ಣಿಗೆ ಅದು ಚುಚ್ಚಿತು ಎಂದು ಬರೆದರೆ ಅರ್ಧ ನಿಜವಾಗುತ್ತದೆ. ಉಳಿದರ್ಧ ನಿನಗೆ ಗೊತ್ತು. ಲೈನಿಂಗ್ ಮುಗಿಸಿದವಳೇ ಸಣ್ಣ ಕತ್ತರಿ ತೆಗೆದುಕೊಂಡು ನಿನ್ನ ದಾರವನ್ನೆಲ್ಲ ಒಂದೊಂದೇ ಬಿಚ್ಚಿದೆ. ಕೋಟಿನ ಒಳಅಂಚಿನಿಂದಲೇ ಕಂದು ಎಳೆ ಕಿತ್ತು, ಎರಡು ದಿನ ಕೂತು, ನೇಯ್ಗೆಗೆ ನೇಯ್ಗೆ ಕೂಡಿಸಿದೆ. ಪೊರೆ ತೆಗೆಸಿದ ಕಣ್ಣು ತಂಗೀ, ಹಾಗಿದ್ದರೂ ಭೂತಗನ್ನಡಿ ಹಿಡಿದರೂ ನನಗೇ ಜಾಗ ಸಿಗಲಿಲ್ಲ. ನನ್ನ ಜನ್ಮದಲ್ಲಿ ಅಷ್ಟು ಚೆನ್ನಾದ ರಫೂ ಮಾಡಿಲ್ಲ.

ಶನಿವಾರ ಅವರು ಬಂದರು. ಕೋಟು ತೊಟ್ಟು ಭುಜ ಕುಲುಕಿದರು. ಆಮೇಲೆ ಬಲಗೈಯಿಂದ ಎಡ ಮೊಣಕೈ ಸವರಿಕೊಂಡರು. ಮತ್ತೆ ಸವರಿಕೊಂಡರು. ನಾನು ಮದುವೆಹೆಣ್ಣಿನ ತಾಯಿಯ ಹಾಗೆ ಬೀಗುತ್ತಾ ನಿಂತಿದ್ದೆ, ಈಗ ಬೆರಗಾಗುತ್ತಾರೆ, ಈಗ ಕೈ ಮುಗಿಯುತ್ತಾರೆ ಎಂದು. ಅವರು ಕೋಟು ಬಿಚ್ಚಿ, ಬೆಳಕಿಗೆ ಹಿಡಿದು ನೋಡಿ, ಪುಟ್ಟಿಗೆ ಮೆಲ್ಲಗೆ ಏನೋ ಕೇಳಿದರು. ಅವಳ ಮುಖ ಕೆಂಪಾಯಿತು. ಅವರು ನನಗೊಂದು ನಮಸ್ಕಾರದಂಥದ್ದು ಮಾಡಿ ಹೊರಟುಹೋದರು. ಏನಂದರು ಎಂದು ನಾನು ಮೂರು ಸಲ ಕೇಳಿದ ಮೇಲೆ ಪುಟ್ಟಿ ಬಾಯಿಬಿಟ್ಟಳು. ಆ ದಾರದ ಬಣ್ಣ ಆರಿಸಿದ್ದು ಅವರೇ ಅಂತೆ. ಮಧ್ಯಾಹ್ನವೆಲ್ಲ ನಿನ್ನ ಎದುರಿಗೆ ಸ್ಟೂಲು ಹಾಕಿ ಕೂತು, ನೀನು ನಿನ್ನ ಭಾಷೆಯಲ್ಲಿ, ಅವರು ತಮ್ಮ ಭಾಷೆಯಲ್ಲಿ ಹರಟಿ ಹರಟಿ, ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರಂತೆ. ಹೆಂಡತಿ ಹೋದ ಮೇಲೆ ಅವರು ಹಾಗೆ ನಕ್ಕದ್ದು ಅವತ್ತೇ ಅಂತೆ. ಈ ಸುದ್ದಿಯನ್ನು ನೀನು ನನಗೆ ಯಾಕೆ ಹೇಳಿರಲಿಲ್ಲ? ಹೇಳಿದ್ದರೆ ಬಿಚ್ಚುತ್ತಿರಲಿಲ್ಲ ಎಂದು ಬರೆಯೋಣವೆಂದರೆ ಪೆನ್ನು ಮುಂದೆ ಹೋಗುತ್ತಿಲ್ಲ.

ಪುಟ್ಟಿ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. "ಅವರು ಲೈನಿಂಗ್ ಮಾತ್ರ ಹೇಳಿದ್ರು. ಮೊಣಕೈ ತಂಟೆಗೆ ಯಾಕಮ್ಮಾ ಹೋದೆ?" ಎಂದಳು. "ಗಲೀಜಾಗಿತ್ತು ಕಣೇ, ನಿನ್ನ ಅಂಗಡಿಗೇ ಕೆಟ್ಟ ಹೆಸರು" ಎಂದೆ. "ಗಲೀಜಾಗಿರ್ಲಿಲ್ಲ, ಚಿಕ್ಕಮ್ಮನದಾಗಿತ್ತು. ಜಡೆ ಬಿಚ್ಚಿದ ಹಾಗೇ ಬಿಚ್ಚಿದೀಯ" ಎಂದು ಯಂತ್ರದ ಕಡೆ ತಿರುಗಿ ಕೂತಳು.

ಯಾವ ಜಡೆ ಎಂದು ನಾನು ಕೇಳಲಿಲ್ಲ. ಅವಳು ಚಿಕ್ಕವಳಿದ್ದಾಗ ಬೆಳಿಗ್ಗೆ ಏಳಕ್ಕೆ ನಾನು ಊರಿನ ನನ್ನ ರಫೂ ಅಂಗಡಿ ಬಾಗಿಲು ತೆರೆಯುತ್ತಿದ್ದೆ. ಅವಳಿಗೆ ಉಣಿಸಿ, ಜಡೆ ಹೆಣೆದು, ಶಾಲೆಗೆ ಬಿಡುತ್ತಿದ್ದವಳು ನೀನು. ಸಂಜೆ ಮನೆಗೆ ಬಂದವಳೇ ನಾನು ನಿನ್ನ ಸಡಿಲ ಜಡೆ ಬಿಚ್ಚಿ ಬಿಗಿಯಾಗಿ ಹಾಕುತ್ತಿದ್ದೆ. ಇನ್ನೇನು ಮಲಗುವ ಮಗುವಿಗೆ ಯಾರಾದರೂ ಜಡೆ ಹಾಕುತ್ತಾರಾ ಅಕ್ಕಾ ಎಂದು ನೀನು ಒಂದು ದಿನವೂ ಕೇಳಲಿಲ್ಲ. ಪಕ್ಕದಲ್ಲಿ ಕೂತು ರಿಬ್ಬನ್ನು ಎತ್ತಿಕೊಡುತ್ತಿದ್ದೆ. ನಿನ್ನ ಆ ಒಳ್ಳೆಯತನ ನನಗೆ ಆಗಲೂ ಆಗುತ್ತಿರಲಿಲ್ಲ, ಈಗಲೂ ಆಗುವುದಿಲ್ಲ. ಪುಟ್ಟಿಗೆ ಅದೆಲ್ಲ ನೆನಪಿದೆಯೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಶನಿವಾರ ರಾತ್ರಿ ಊಟಕ್ಕೆ ಕೂತಾಗ ತಾನಾಗಿಯೇ ಹೇಳಿದಳು: "ಹಣೆ ಚರ್ಮ ಎಳೀತಿತ್ತಮ್ಮಾ. ನಿಂಗೆ ಬೇಜಾರಾಗತ್ತೆ ಅಂತ ಸುಮ್ಮನಿರ್ತಿದ್ದೆ." ಏಳು ವರ್ಷದ ಕೂಸು, ನನಗೆ ಬೇಜಾರಾಗುತ್ತದೆಂದು ಸುಮ್ಮನಿತ್ತಂತೆ.

ಭಾನುವಾರ ಒಂದು ಹಳೆಯ ಕಂಬಳಿ ತುಂಡು ತೆಗೆದುಕೊಂಡು ನಿನ್ನ ಹಾಗೆ ನಾಲ್ಕೆಳೆ ಹಾಕಿ ಹೊಲಿಯಲು ನೋಡಿದೆ. ಸೂಜಿಯನ್ನು ಎಡಗೈಗೂ ಕೊಟ್ಟು ನೋಡಿದೆ. ಬರಲಿಲ್ಲ. ಬೇಕೆಂದು ಸೊಟ್ಟ ಹಾಕಿದರೆ ಸೊಟ್ಟ ಕಾಣುತ್ತದೆ, ನಿನ್ನದರ ಹಾಗೆ ಕಾಣುವುದಿಲ್ಲ. ನಿನ್ನೆ ಪುಟ್ಟಿಗೆ ಹೇಳದೆ ರಸ್ತೆ ದಾಟಿ ಮುದುಕರ ಅಂಗಡಿಗೆ ಹೋದೆ. ಗೋಡೆ ತುಂಬ ಗಡಿಯಾರ, ಒಂದೊಂದರಲ್ಲಿ ಒಂದೊಂದು ಗಂಟೆ. ಅವರು ಕಣ್ಣಿಗೆ ಸಿಕ್ಕಿಸಿದ್ದ ಗಾಜು ತೆಗೆದು, ಕುರ್ಚಿ ಒರೆಸಿ ಕೂರಿಸಿದರು. ಸೂಜಿಡಬ್ಬಿ ತೆರೆದು ನೀಲಿ ದಾರ ತೋರಿಸಿದೆ, ಅವರು ತೊಟ್ಟಿದ್ದ ಕೋಟಿನ ಮೊಣಕೈ ಕಡೆ ಬೆರಳು ಮಾಡಿದೆ, ಬಿಚ್ಚಿ ಕೊಡಿ ಎಂದು ಸನ್ನೆ ಮಾಡಿದೆ. ಅವರು ನಕ್ಕರು. ನಗುತ್ತಲೇ ಮೊಣಕೈ ಮೇಲೆ ಅಂಗೈ ಮುಚ್ಚಿ, ತಲೆ ಆಡಿಸಿದರು. ಬೇಡ ಎನ್ನುವುದಕ್ಕೆ ಭಾಷೆ ಬೇಕಾಗಿಲ್ಲ. ಮೂವತ್ತೆಂಟು ವರ್ಷದಲ್ಲಿ ನನ್ನ ಕೈಗೆ ಬಟ್ಟೆ ಕೊಡಲೊಲ್ಲದ ಗಿರಾಕಿ ಇವರೊಬ್ಬರೇ.

ಇಷ್ಟು ಸಾಕು, ಬೆರಳು ನೋಯುತ್ತಿದೆ. ನಿನ್ನ ಭಾವನಿಗೆ ಊಟ ಹಾಕು, ಆದರೆ ಅಷ್ಟೊಂದು ರುಚಿಯಾಗಿ ಬೇಡ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ, ನನಗಿಂತ ಒಂದೇ ಒಂದು ಕೂದಲೆಳೆಯಷ್ಟು ಕಡಿಮೆ.

ಹೊಟ್ಟೆಕಿಚ್ಚಿನ ನಿನ್ನ
ಅಕ್ಕ

ಮರೆತ ಮಾತು: ಕೆಳಗೆ ಕಾರು ಬಂದು ನಿಂತಿದೆ, ಹಾರ್ನ್ ಹೊಡೆಯುತ್ತಿದ್ದಾರೆ. ಮರೆತದ್ದಲ್ಲ ತಂಗೀ, ಇಷ್ಟುದ್ದ ಬರೆದದ್ದೇ ಇದನ್ನು ಬರೆಯಲಾರದೆ. ಭಾನುವಾರ ಪುಟ್ಟಿ ನನ್ನ ಹತ್ತಿರ ಬಂದು ಕೂತು ಕೇಳಿದಳು, "ಅಮ್ಮಾ, ಹೆರಿಗೆಗೆ ಚಿಕ್ಕಮ್ಮನ್ನ ಕರೆಸ್ಲಾ? ನೀನು ತಪ್ಪು ತಿಳೀಬೇಡ." ನಾನು ಕಣ್ಣು ಮಿಟುಕಿಸದೆ ಸುಳ್ಳು ಹೇಳಿದೆ, "ಅವಳಿಗೆ ವಿಮಾನ ಅಂದ್ರೆ ಭಯವಂತೆ ಕಣೇ, ಇನ್ನೊಂದು ಸಲ ಬರಲ್ಲ ಅಂತ ನನ್ನ ಹತ್ರ ಹೇಳಿದಾಳೆ." ಅವಳು "ಹೌದಾ" ಎಂದಷ್ಟೇ ಹೇಳಿ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದಳು. ಮುಖ ತೊಳೆಯಲು ಅಷ್ಟು ಹೊತ್ತು ಬೇಕಿಲ್ಲ. ಬರುವ ಸೋಮವಾರ ಅಳಿಯಂದಿರು ನನ್ನ ಹೆಸರಿನಲ್ಲಿ ಅರ್ಜಿ ಹಾಕುತ್ತಾರೆ. ಈ ಕಾಗದ ಕೈ ಸೇರಿದ ಗಳಿಗೆಯೇ ಅವಳಿಗೆ ಫೋನು ಮಾಡು, ಅಕ್ಕ ಹೇಳಿದ್ದು ಸುಳ್ಳು ಅನ್ನು. ನಾನೇ ಹೇಳೋಣವೆಂದು ಮೂರು ಸಲ ಬಾಯಿ ತೆರೆದೆ, ಆಗಲಿಲ್ಲ. ಬಂದುಬಿಡು. ಆದರೆ ಮಗು ಹುಟ್ಟಿತು ಎಂದು ನನಗೆ ನೀನು ಫೋನು ಮಾಡಬೇಡ. ಎಷ್ಟು ಹೊತ್ತಾದರೂ ಕಾಯುತ್ತೇನೆ, ಅವಳೇ ಹೇಳಲಿ.