ಧಾರವಾಡಕ್ಕೆ ಹಾಕಬೇಕಿದ್ದ ಅರ್ಜಿ

ಸವಣೂರು, ೨೧ ನವೆಂಬರ್ ೧೯೭೮, ಮಂಗಳವಾರ

ಅಡಿವೆವ್ವನಿಗೆ ಇವತ್ತು ಸುಳ್ಳು ಹೇಳಿದೆ. ಇಪ್ಪತ್ತೆರಡು ವರ್ಷದ ವಕೀಲಿಯಲ್ಲಿ ಕಕ್ಷಿದಾರರ ಮುಂದೆ ಹೀಗೆ ಹೇಳಿದ್ದು ಇದೇ ಮೊದಲು.

ಗೋಪಿಕಾಬಾಯಿ ತನ್ನನ್ನು ಕೊನೆಯತನಕ ನೋಡಿಕೊಂಡ ಅಡಿವೆವ್ವನಿಗೆ ಎಲೆತೋಟ ಬರೆದಿಟ್ಟು ತೀರಿಕೊಂಡರು. ಆ ಮೃತ್ಯುಪತ್ರಕ್ಕೆ ಸಾಕ್ಷಿ ಹಾಕಿದ ಇಬ್ಬರಲ್ಲಿ ಉಳಿದವನು ಮಾಳಪ್ಪ ಒಬ್ಬನೇ. ಅವನನ್ನು ಇವತ್ತು ಚಕ್ಕಡಿಯಲ್ಲಿ ಮಲಗಿಸಿಕೊಂಡು ಕೋರ್ಟಿಗೆ ತಂದಿದ್ದರು. ಉಸಿರಾಡಲೂ ಕಷ್ಟಪಡುತ್ತಿದ್ದ.

ಅವನ ಸಾಕ್ಷಿ ಶುರುವಾಗುವ ಮೊದಲೇ, ಗೋಪಿಕಾಬಾಯಿಯ ಬಂಧುಗಳ ಪರ ನಿಂತ ಎದುರು ವಕೀಲರು ತಕರಾರು ತೆಗೆದರು. ಮೃತ್ಯುಪತ್ರ ನಿಜವೆಂದು ಸಾರುವ ಪ್ರೊಬೇಟ್ ಕೊಡುವ ಅಧಿಕಾರ ಈ ಕೋರ್ಟಿಗಿಲ್ಲ ಎಂದರು. ನ್ಯಾಯಾಧೀಶರು ಒಪ್ಪಿ, ಧಾರವಾಡದ ಜಿಲ್ಲಾ ಕೋರ್ಟಿಗೆ ಹಾಕಿಕೊಳ್ಳಿ ಎಂದು ಅರ್ಜಿ ವಾಪಸು ಕೊಟ್ಟರು. ಮಾಳಪ್ಪನ ಹೇಳಿಕೆಯನ್ನಾದರೂ ಬರೆದುಕೊಳ್ಳಿ ಎಂದು ಬೇಡಿದೆ. ಅಧಿಕಾರವಿಲ್ಲದೆ ಬರೆದುಕೊಂಡರೆ ಅದಕ್ಕೆ ಬೆಲೆಯಿಲ್ಲ ಎಂದರು.

"ನಾ ಇಲ್ಲೇ ಅದೀನಲ್ರಿ, ಈಗ ಕೇಳ್ರಿ," ಅಂದ ಮಾಳಪ್ಪ. ಯಾರೂ ಕೇಳಲಿಲ್ಲ.

ಹೊರಗೆ ಬಂದ ಮೇಲೆ ಅಡಿವೆವ್ವ, "ಮೊದ್ಲ ಧಾರವಾಡಕ್ಕ ಯಾಕ ಹಾಕಲಿಲ್ರಿ, ಸಾಹೇಬ್ರ?" ಎಂದಳು.

"ಕಾಯ್ದೆನ ಹಂಗ ಅದ. ಮೊದಲ ಇಲ್ಲೇ ಹಾಕಬೇಕು," ಎಂದೆ.

ಕಾಯ್ದೆ ಹಾಗಿಲ್ಲ. ಧಾರವಾಡಕ್ಕೆ ಓಡಾಡುವ ಬೇಸರಕ್ಕೆ, ಪುಸ್ತಕ ತೆಗೆದು ನೋಡದೆ, ನಾನೇ ಇಲ್ಲಿ ಹಾಕಿದ್ದೆ. ಎಂಟು ತಿಂಗಳು ಹಾಳಾಯಿತು. ಎಂಟು ತಿಂಗಳ ಹಿಂದೆ ಮಾಳಪ್ಪ ತಾನೇ ನಡೆದು ನನ್ನ ಮನೆಗೆ ಬಂದಿದ್ದ.

"ನೀವದೀರಂತ ಧೈರ್ಯ ಐತ್ರಿ," ಎಂದು ಕೈಮುಗಿದು ಅಡಿವೆವ್ವ ಚಕ್ಕಡಿಯ ಹಿಂದೆ ನಡೆದುಹೋದಳು.

ಧಾರವಾಡದಲ್ಲಿ ತಾರೀಖು ಬೀಳುವ ಹೊತ್ತಿಗೆ ಮಾಳಪ್ಪ ಉಳಿದಿರುವುದಿಲ್ಲ. ಅದು ನನಗೂ ಗೊತ್ತು, ಎದುರು ವಕೀಲರಿಗೂ ಗೊತ್ತು. ಅಡಿವೆವ್ವನಿಗೆ ಮಾತ್ರ ಗೊತ್ತಿಲ್ಲ.